ಎರಡು ಗಾಲಿಯ ಟ್ರೇಲರ್: ಮುಂಭಾರ, ಹುಕ್ಕಿನ ಎತ್ತರ ಮತ್ತು ಓರೆ ಹೋಗುವ ಅಚ್ಚು

ಪ್ರಶ್ನೆ: ನಾನು ಮಲೇಬೆನ್ನೂರು ಕಡೆಯ ರೈತ. ನನ್ನ 45 ಎಚ್‌ಪಿ ಟ್ರ್ಯಾಕ್ಟರಿಗೆ ಹೋದ ವರ್ಷ ಎರಡು ಗಾಲಿಯ ಹಳೆಯ ಟ್ರೇಲರ್ ಕೊಂಡೆ. ಭತ್ತದ ಚೀಲ ಹೇರಿ ಭದ್ರಾ ನಾಲೆಯ ಏರಿ ಹತ್ತುವಾಗ ಟ್ರ್ಯಾಕ್ಟರಿನ ಮೂತಿ ಮೇಲೆದ್ದಂತಾಗಿ ಸ್ಟೇರಿಂಗ್ ಹಗುರವಾಗುತ್ತದೆ. ಖಾಲಿ ಬರುವಾಗ ಟ್ರೇಲರಿನ ಹಿಂಭಾಗ ಎಡಕ್ಕೆ ಸರಿದು ಓರೆಯಾಗಿ ಬರುತ್ತದೆ, ಎಡಗಡೆಯ ಟೈರೂ ಬೇಗ ಸವೆಯುತ್ತಿದೆ. ನೇಗಿಲು ಕಟ್ಟುವ ಎರಡು ತೋಳುಗಳ ನಡುವಿನ ತೂತಿನ ಪಟ್ಟಿಗೇ ಟ್ರೇಲರ್ ಸಿಕ್ಕಿಸುತ್ತೇನೆ, ಅದಕ್ಕೆ ಪ್ರತಿ ಸಲ ಮೂವರು ಬೇಕು. ಈ ಟ್ರೇಲರನ್ನು ಮಾರಿಬಿಡಲೇ?

ಉತ್ತರ: ನಾಳೆಯಿಂದಲೇ ಆ ತೂತಿನ ಪಟ್ಟಿಗೆ ಹೇರಿದ ಟ್ರೇಲರ್ ಸಿಕ್ಕಿಸುವುದನ್ನು ನಿಲ್ಲಿಸಿ. ಮಾರುವ ಮಾತು ಆಮೇಲೆ. ನೀವು ಬರೆದ ತೊಂದರೆಗಳಲ್ಲಿ ಟೈರ್ ಸವೆದರೆ ದುಡ್ಡು ಹೋಗುತ್ತದೆ. ಏರಿಯ ಮೇಲೆ ಮೂತಿ ಎದ್ದರೆ ಜೀವ ಹೋಗುತ್ತದೆ. ಟ್ರ್ಯಾಕ್ಟರ್ ಹಿಮ್ಮುಖವಾಗಿ ಮಗುಚಲು ಆರಂಭಿಸಿದ ಮೇಲೆ ಅದನ್ನು ತಡೆಯುವ ಅವಕಾಶ ಸುಮಾರು ಮುಕ್ಕಾಲು ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಅಷ್ಟರೊಳಗೆ ಯಾರ ಕಾಲೂ ಕ್ಲಚ್ ತುಳಿದಿರುವುದಿಲ್ಲ.

ದಾವಣಗೆರೆಯ ಸುತ್ತ ಟ್ರೇಲರ್ ಕಟ್ಟುವ, ರಿಪೇರಿ ಮಾಡುವ ಕೆಲಸದಲ್ಲಿಯೇ ನನ್ನ ಆಯುಷ್ಯದ ಹೆಚ್ಚು ಭಾಗ ಕಳೆದಿದೆ. ಆದರೂ ಟ್ರೇಲರ್ ವಿಷಯದಲ್ಲಿ ನನಗೆ ಮೊದಲ ಪಾಠ ಸಿಕ್ಕಿದ್ದು ಎತ್ತಿನ ಗಾಡಿಯಿಂದ. ಗಾಡಿ ಹೇರುವಾಗ ಅಪ್ಪ ನೊಗವನ್ನು ಒಂದು ಕೈಯಲ್ಲಿ ಎತ್ತಿ ನೋಡಿ ‘ಮುಂಭಾರ ಆಯಿತು’ ಅಥವಾ ‘ಹಿಂಭಾರ ಆಯಿತು’ ಎಂದು ಹೇಳುತ್ತಿದ್ದರು. ಮುಂಭಾರ ಹೆಚ್ಚಾದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ. ಹಿಂಭಾರ ಹೆಚ್ಚಾದರೆ ಮೂಕಿ, ಅಂದರೆ ಗಾಡಿಯಿಂದ ನೊಗದವರೆಗೆ ಚಾಚಿದ ಮರ, ಮೇಲೆದ್ದು ನೊಗದ ಹಗ್ಗ ಎತ್ತಿನ ಕೊರಳನ್ನು ಬಿಗಿಯುತ್ತದೆ. ಎರಡು ಗಾಲಿಯ ಟ್ರೇಲರ್ ಎಂದರೆ ಅದೇ ಗಾಡಿ, ಎತ್ತಿನ ಜಾಗದಲ್ಲಿ ಟ್ರ್ಯಾಕ್ಟರಿನ ಹುಕ್ ಇದೆ. ಟ್ರ್ಯಾಕ್ಟರ್ ನೋವನ್ನು ಬಾಯಿಬಿಟ್ಟು ಹೇಳುವುದಿಲ್ಲವಾದ್ದರಿಂದ ಭಾರವನ್ನು ನೋಡಿ ಹೇರುವ ಆ ಅಭ್ಯಾಸವನ್ನೇ ನಾವು ಮರೆತುಬಿಟ್ಟಿದ್ದೇವೆ. ನಾಲ್ಕು ಗಾಲಿಯ ಟ್ರೇಲರಿನಲ್ಲಿ ಈ ಪ್ರಶ್ನೆ ಅಷ್ಟಾಗಿ ಇಲ್ಲ, ಅದರ ಭಾರವೆಲ್ಲ ಅದರ ಗಾಲಿಗಳ ಮೇಲೆಯೇ ಕೂರುತ್ತದೆ.

ನಿಮ್ಮ ಏರಿಯ ಲೆಕ್ಕವನ್ನು ಒಮ್ಮೆ ಕೂಡಿ ಮಾಡೋಣ. ಅಂಕಿಗಳು ಅಂದಾಜಿನವು, ಆದರೆ ನಿಮ್ಮ ಗಾಡಿಯಿಂದ ಬಹಳ ದೂರವಿರುವುದಿಲ್ಲ. ಟ್ರ್ಯಾಕ್ಟರಿನ ತೂಕ 2,000 ಕಿಲೋ, ಅದರಲ್ಲಿ ಮುಂದಿನ ಗಾಲಿಗಳ ಮೇಲೆ 800 ಕಿಲೋ, ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವೆ 2 ಮೀಟರ್ ಎಂದಿಟ್ಟುಕೊಳ್ಳಿ. 60 ಕಿಲೋದ 50 ಚೀಲ ಹೇರಿದರೆ 3 ಟನ್. ಟ್ರೇಲರಿನ ಸ್ವಂತ ತೂಕ 1 ಟನ್. ಒಟ್ಟು 4 ಟನ್ನಿನಲ್ಲಿ ಶೇಕಡಾ 15, ಅಂದರೆ 600 ಕಿಲೋ ಹುಕ್ಕಿನ ಮೇಲೆ ಕೂತಿದೆ. ಟ್ರ್ಯಾಕ್ಟರಿನ ಬೆನ್ನಿಗೇ ಬಿಗಿದ ಟ್ರೇಲರ್ ಹುಕ್ ಹಿಂದಿನ ಅಚ್ಚಿಗಿಂತ ಅರ್ಧ ಮೀಟರ್ ಹಿಂದೆ ಇದ್ದರೆ, ಆ 600 ಕಿಲೋ ಮುಂದಿನ ಗಾಲಿಗಳಿಂದ 150 ಕಿಲೋ ಕಿತ್ತುಕೊಳ್ಳುತ್ತದೆ. ಏತದ ಮರದ ಲೆಕ್ಕವೇ ಇದು. ಹತ್ತು ಅಡಿಗೆ ಒಂದು ಅಡಿ ಏರುವ ದಾರಿಯಲ್ಲಿ ಆ ಟ್ರೇಲರನ್ನು ಎಳೆಯಲು ಸುಮಾರು 600 ಕಿಲೋದಷ್ಟು ಎಳೆತ ಬೇಕು. ಹುಕ್ ನೆಲದಿಂದ ಅರ್ಧ ಮೀಟರ್ ಎತ್ತರದಲ್ಲಿದ್ದರೆ ಆ ಎಳೆತ ಮುಂಭಾಗದಿಂದ ಇನ್ನೊಂದು 150 ಕಿಲೋ ಕಳೆಯುತ್ತದೆ. ಏರಿನಲ್ಲಿ ಟ್ರ್ಯಾಕ್ಟರಿನ ಸ್ವಂತ ಭಾರ ಹಿಂದಕ್ಕೆ ವಾಲುವುದರಿಂದ ಮತ್ತೆ 80 ಕಿಲೋ ಹೋಗುತ್ತದೆ. 800ರಲ್ಲಿ ಉಳಿದದ್ದು 420.

ಅದೇ ಭಾರವನ್ನು ನಿಮ್ಮ ತೂತಿನ ಪಟ್ಟಿಗೆ ಸಿಕ್ಕಿಸಿ ನೋಡಿ. ಪಟ್ಟಿ ಅಚ್ಚಿಗಿಂತ 80 ಸೆಂಟಿಮೀಟರ್ ಹಿಂದೆ, ನೆಲದಿಂದ 70 ಸೆಂಟಿಮೀಟರ್ ಮೇಲೆ ಇದ್ದರೆ ಹೊರೆಯಿಂದ 240 ಕಿಲೋ, ಎಳೆತದಿಂದ 210 ಕಿಲೋ, ಏರಿನಿಂದ 80 ಕಿಲೋ ಹೋಗಿ ಮುಂದಿನ ಗಾಲಿಗಳಿಗೆ ಉಳಿಯುವುದು 270 ಕಿಲೋ ಮಾತ್ರ. ಟ್ರ್ಯಾಕ್ಟರಿನ ಸ್ವಂತ ತೂಕದ ಐದನೇ ಒಂದು ಭಾಗವಾದರೂ, ಅಂದರೆ ಇಲ್ಲಿ 400 ಕಿಲೋ, ಮುಂದಿನ ಗಾಲಿಗಳ ಮೇಲಿದ್ದರೆ ಮಾತ್ರ ಸ್ಟೇರಿಂಗ್ ಮಾತು ಕೇಳುತ್ತದೆ ಎಂಬುದು ಬಲ್ಲವರ ಅಳತೆ. ನಿಮ್ಮ ಸ್ಟೇರಿಂಗ್ ಹಗುರವಾಗುವುದಕ್ಕೆ ಕಾರಣ ಇದೇ. ಇನ್ನೂ ಕೆಟ್ಟದ್ದೆಂದರೆ, ಆ ತೋಳುಗಳು ಹೈಡ್ರಾಲಿಕ್ ಲಿವರಿಗೆ ಕಟ್ಟಿಬಿದ್ದವು. ಮಗನೋ ಆಳೋ ಗೊತ್ತಿಲ್ಲದೆ ಲಿವರ್ ಎತ್ತಿದರೆ ಎಳೆತದ ಎತ್ತರ ಏರುತ್ತದೆ, ಉಳಿದಿರುವ 270 ಕಿಲೋವೂ ಕರಗುತ್ತದೆ. ಕೆಲವರು ಇನ್ನೂ ಮುಂದೆ ಹೋಗಿ ನೇಗಿಲಿನ ಮೇಲ್ತುದಿಯನ್ನು ಹಿಡಿಯುವ ಟಾಪ್ ಲಿಂಕ್ ಸಿಕ್ಕಿಸುವ ಜಾಗಕ್ಕೇ ಸರಪಳಿ ಕಟ್ಟಿ ಕೆಸರಿನಲ್ಲಿ ಹೂತ ಗಾಡಿಯನ್ನು ಎಳೆಯುತ್ತಾರೆ. ಹಿಂದಿನ ಅಚ್ಚಿನ ಎತ್ತರಕ್ಕಿಂತ ಮೇಲಿನಿಂದ ಏನನ್ನೂ ಎಳೆಯಬಾರದು, ಒಂದು ತೆಂಗಿನ ದಿಮ್ಮಿಯನ್ನೂ ಎಳೆಯಬಾರದು.

ಮುಂದೆ ಬಂಪರಿಗೆ ಕಬ್ಬಿಣದ ತೂಕ ಕಟ್ಟಿಸಿದರೆ ಆಗದೇ ಎಂದು ನೀವು ಕೇಳಬಹುದು. ಅದು ನೆರವಾಗುತ್ತದೆ, ಕಟ್ಟಿಸಿ. ಆದರೆ ತಪ್ಪು ಜಾಗಕ್ಕೆ ಸಿಕ್ಕಿಸಿದ ಟ್ರೇಲರಿಗೆ ಅದು ಮದ್ದಲ್ಲ. ಮೊದಲು ಕೆಳಗಿನ ಗಟ್ಟಿ ಹುಕ್ಕಿಗೆ ಬನ್ನಿ. ನಿಮ್ಮ ಟ್ರ್ಯಾಕ್ಟರಿನಲ್ಲಿ ಅದು ಇಲ್ಲದಿದ್ದರೆ ಅದೇ ಮಾದರಿಗೆ ಕಂಪನಿ ಕೊಡುವ ಹುಕ್ ತಂದು, ಅದು ಹೇಳಿದ ಬೋಲ್ಟುಗಳಿಂದಲೇ ಬಿಗಿಸಿ. ಗೇರ್‌ಬಾಕ್ಸಿನ ಎರಕದ ಮೈಗೆ ವೆಲ್ಡಿಂಗ್ ಹಿಡಿಸಲು ಯಾರಿಗೂ ಬಿಡಬೇಡಿ, ಎರಕಕ್ಕೆ ಹಿಡಿದ ವೆಲ್ಡಿಂಗ್ ಯಾವ ದಿನ ಬಿಡುತ್ತದೆಂದು ಹೇಳಲಾಗುವುದಿಲ್ಲ.

ಹುಕ್ ಬದಲಾದರೆ ಟ್ರೇಲರಿನ ಮೂಕಿಯ ಎತ್ತರವೂ ಹೊಂದಬೇಕು. ಹೇರಿದ ಟ್ರೇಲರ್ ಸಮನೆಲದಲ್ಲಿ ನಿಂತಾಗ ಅದರ ಹಾಸು, ಅಂದರೆ ಚೀಲ ಇಡುವ ತಳ, ನೆಲಕ್ಕೆ ಸಮನಾಗಿರಬೇಕು. ಗಾರೆ ಕೆಲಸದವರ ನೀರಿನ ಪೈಪಿನ ಮಟ್ಟ ಹಿಡಿದು ನೋಡಿದರೆ ಎರಡು ನಿಮಿಷದಲ್ಲಿ ತಿಳಿಯುತ್ತದೆ. ಖಾಲಿ ಇರುವಾಗ ನೋಡಬೇಡಿ, ಹೇರಿದ ಮೇಲೆ ಟ್ರ್ಯಾಕ್ಟರಿನ ಹಿಂದಿನ ಟೈರೂ ಟ್ರೇಲರಿನ ಸ್ಪ್ರಿಂಗ್ ಪಟ್ಟಿಗಳೂ ಕುಗ್ಗುತ್ತವೆ. ಮೂತಿ ಮೇಲಾಗಿ ನಿಂತ ಟ್ರೇಲರಿನಲ್ಲಿ ಭಾರ ಹಿಂದಕ್ಕೆ ಸರಿಯುತ್ತದೆ. ಮೂತಿ ತಗ್ಗಿದ್ದರೆ ಹಳ್ಳದ ದಾರಿಯಲ್ಲಿ ಮೂಕಿಯೇ ನೆಲಕ್ಕೆ ತಾಗುತ್ತದೆ. ವ್ಯತ್ಯಾಸ ಬಂದರೆ ಮೂಕಿಯ ತುದಿಯ ಬಳೆಯನ್ನು ಬಿಚ್ಚಿ ಮೇಲೆ ಅಥವಾ ಕೆಳಗೆ ಕೂರಿಸಿಕೊಡುವವರು ದಾವಣಗೆರೆ, ಹರಿಹರಗಳಲ್ಲಿ ಬೇಕಾದಷ್ಟಿದ್ದಾರೆ. ದುಬಾರಿ ಕೆಲಸವೂ ಅಲ್ಲ.

ಇನ್ನು ಚೀಲವನ್ನು ಎಲ್ಲಿ ಇಡಬೇಕು ಎಂಬ ಮಾತು. ಹುಕ್ಕಿನ ಬಳೆಯಿಂದ ಟ್ರೇಲರಿನ ಅಚ್ಚಿಗೆ 3 ಮೀಟರ್ ಇದ್ದರೆ, ಖಾಲಿ ಟ್ರೇಲರಿನ ಮೂಕಿಯ ತೂಕ 100 ಕಿಲೋ ಎಂದುಕೊಂಡರೆ, 3 ಟನ್ ಭತ್ತದ ನಡುಮಧ್ಯ ಅಚ್ಚಿಗಿಂತ ಅರ್ಧ ಮೀಟರ್ ಮುಂದೆ ಬಿದ್ದಾಗ ಹುಕ್ಕಿನ ಮೇಲೆ ಒಟ್ಟು 600 ಕಿಲೋ ಬರುತ್ತದೆ. ಆ ನಡುಮಧ್ಯ ಅಚ್ಚಿನ ನೇರಕ್ಕೆ ಸರಿದರೆ ಉಳಿಯುವುದು ಬರೀ 100 ಕಿಲೋ. ಆಗ ಟ್ರೇಲರ್ ಬಾಲ ಅಲ್ಲಾಡಿಸತೊಡಗುತ್ತದೆ. ಅಚ್ಚಿಗಿಂತ ಹಿಂದೆ ಹೋದರೆ ಟ್ರ್ಯಾಕ್ಟರಿನ ಬೆನ್ನನ್ನೇ ಎತ್ತಿ ಹಿಂದಿನ ಗಾಲಿಗಳ ಹಿಡಿತ ತಪ್ಪಿಸುತ್ತದೆ. ಹಳೆಯ ಟ್ರೇಲರ್ ಕೊಂಡವರು ಇದನ್ನು ಖಂಡಿತ ನೋಡಲೇಬೇಕು, ಏಕೆಂದರೆ ಮೆಕ್ಕೆಜೋಳ, ಹುಲ್ಲು ಹೆಚ್ಚು ಹಿಡಿಯಲೆಂದು ಹಿಂದಿನ ಮಾಲೀಕರು ಹಾಸನ್ನು ಹಿಂದಕ್ಕೆ ಒಂದೆರಡು ಅಡಿ ಉದ್ದ ಮಾಡಿಸಿರುತ್ತಾರೆ, ಅಚ್ಚನ್ನು ಮಾತ್ರ ಇದ್ದಲ್ಲೇ ಬಿಟ್ಟಿರುತ್ತಾರೆ. ಹಾಸಿನ ಉದ್ದವನ್ನು ಅಳೆದು ಮಧ್ಯಕ್ಕೆ ಸೀಮೆಸುಣ್ಣದ ಗೆರೆ ಹಾಕಿ. ಅಚ್ಚು ಆ ಗೆರೆಗಿಂತ ಅರ್ಧ ಮೀಟರಿನಷ್ಟು ಹಿಂದೆ ಇದ್ದರೆ ಚೀಲಗಳನ್ನು ಉದ್ದಕ್ಕೂ ಸಮನಾಗಿ ಜೋಡಿಸಿದರೆ ಸಾಕು. ಗೆರೆಯ ಕೆಳಗೇ ಇದ್ದರೆ ಮುಂದೆ ಒಂದು ಸಾಲು ಹೆಚ್ಚು, ಹಿಂದೆ ಒಂದು ಸಾಲು ಕಡಿಮೆ.

ಅಂದಾಜು ಬೇಡ, ಸರಿಯಾದ ತೂಕವೇ ಬೇಕು ಎನ್ನುವವರಿಗೆ ಮಾರುಕಟ್ಟೆಯ ಬಳಿಯ ವೇಬ್ರಿಡ್ಜ್ ಇದೆ. ಹೇರಿದ ಟ್ರೇಲರನ್ನು ಬಿಚ್ಚಿ, ಜಾಕಿನ ಸಮೇತ ಪೂರ್ತಿಯಾಗಿ ತಟ್ಟೆಯ ಮೇಲೆ ನಿಲ್ಲಿಸಿ ಒಮ್ಮೆ ತೂಗಿಸಿ. ಟ್ರ್ಯಾಕ್ಟರಿಗೆ ಸಿಕ್ಕಿಸಿ, ಟ್ರೇಲರಿನ ಗಾಲಿಗಳು ಮಾತ್ರ ತಟ್ಟೆಯ ಮೇಲಿರುವಂತೆ ಇನ್ನೊಮ್ಮೆ ತೂಗಿಸಿ. ಎರಡರ ನಡುವಿನ ವ್ಯತ್ಯಾಸವೇ ಮುಂಭಾರ. ಟ್ರ್ಯಾಕ್ಟರಿನ ಪುಸ್ತಕದಲ್ಲಿ ಹುಕ್ ಎಷ್ಟು ಭಾರ ತಡೆಯುತ್ತದೆಂದು ಬರೆದಿದ್ದರೆ ಅದನ್ನು ಮೀರಬೇಡಿ, ನನ್ನ ಶೇಕಡಾ 15ರ ಲೆಕ್ಕಕ್ಕಿಂತ ಆ ಮಾತು ದೊಡ್ಡದು. ಚಳ್ಳಕೆರೆ ಕಡೆಯಿಂದ ಈರುಳ್ಳಿ ತರುವವರು, ನಮ್ಮಲ್ಲಿ ಭತ್ತದ ಹುಲ್ಲು ಸಾಗಿಸುವವರು ಇನ್ನೊಂದು ಎಚ್ಚರ ಇಟ್ಟುಕೊಳ್ಳಬೇಕು: ಹೊರೆ ಎತ್ತರವಾದಷ್ಟೂ ಏರಿನಲ್ಲಿ ಅದರ ಭಾರ ಹಿಂದಕ್ಕೆ ವಾಲುತ್ತದೆ, ಇಳಿಜಾರಿನಲ್ಲಿ ಮುಂದಕ್ಕೆ ನುಗ್ಗುತ್ತದೆ.

ಈಗ ಓರೆಯ ವಿಷಯ. ಇದನ್ನು ಟೇಪು ಹಿಡಿದರೆ ನೀವೇ ಕಂಡುಹಿಡಿಯಬಹುದು. ಸಮತಟ್ಟಾದ ಕಣದಲ್ಲಿ ಖಾಲಿ ಟ್ರೇಲರ್ ನಿಲ್ಲಿಸಿ, ಎರಡೂ ಟೈರಿನ ಗಾಳಿಯನ್ನು ಸಮ ಮಾಡಿ. ಮೂಕಿಯ ಬಳೆಯ ನಡುಬಿಂದುವಿನಿಂದ ಎಡ ಅಚ್ಚಿನ ತುದಿಗೆ ಒಂದು ಅಳತೆ, ಬಲ ಅಚ್ಚಿನ ತುದಿಗೆ ಇನ್ನೊಂದು ಅಳತೆ. ಎರಡೂ ಒಂದೇ ಬರಬೇಕು. ಐದಾರು ಮಿಲಿಮೀಟರ್ ಹೆಚ್ಚುಕಡಿಮೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಹಿಂಭಾಗ ಎಡಕ್ಕೆ ಸರಿಯುತ್ತದೆ ಎಂದರೆ ನಿಮ್ಮ ಎಡಗಡೆಯ ಅಳತೆ ಉದ್ದ ಬರುತ್ತದೆ ಎಂದು ನನ್ನ ಊಹೆ. ಯಾವ ಕಡೆಯ ಗಾಲಿ ಹಿಂದೆ ಸರಿದಿದೆಯೋ ಟ್ರೇಲರ್ ಆ ಕಡೆಗೆ ಬಾಲ ತಿರುಗಿಸುತ್ತದೆ. 20 ಮಿಲಿಮೀಟರ್ ವ್ಯತ್ಯಾಸ ಸಣ್ಣದೆಂದು ಕಾಣುತ್ತದೆ. ಆದರೆ 3 ಮೀಟರ್ ಹಿಂದಿನ ಅಚ್ಚು ಟ್ರ್ಯಾಕ್ಟರಿನ ಜಾಡಿನಿಂದ ಸುಮಾರು 4 ಸೆಂಟಿಮೀಟರ್ ಪಕ್ಕಕ್ಕೆ ಹೋಗಲು ಅದು ಸಾಕು, ಬಾಲ ಇನ್ನೂ ಹೆಚ್ಚು ಹೋಗುತ್ತದೆ. ನಾಲೆಯ ಏರಿಯ ಕಿರಿದಾದ ದಾರಿಯಲ್ಲಿ ಆ ಅಂಗುಲಗಳಿಗೆ ಬೆಲೆ ಇದೆ.

ಗಾಲಿ ಹಿಂದೆ ಸರಿಯುವುದಕ್ಕೆ ಸಾಮಾನ್ಯ ಕಾರಣ ಸ್ಪ್ರಿಂಗ್ ಪಟ್ಟಿಯ ಬಳಿಯೇ ಇರುತ್ತದೆ. ಅಚ್ಚನ್ನು ಪಟ್ಟಿಗಳಿಗೆ ಬಿಗಿದಿಡುವ ಯು-ಬೋಲ್ಟು ಸಡಿಲವಾಗಿರುತ್ತದೆ, ಇಲ್ಲವೇ ಪಟ್ಟಿಗಳ ಮಧ್ಯದ ಸೆಂಟರ್ ಬೋಲ್ಟು ತುಂಡಾಗಿ ಅಚ್ಚು ಜಾರಿರುತ್ತದೆ. ತುಕ್ಕು ಹಿಡಿದ ಪಟ್ಟಿಯ ಮೇಲೆ ಹೊಳೆಯುವ ಉಜ್ಜಿದ ಗುರುತು ಕಂಡರೆ ಅಚ್ಚು ಅಲ್ಲಿ ಓಡಾಡುತ್ತಿದೆ ಎಂದು ತಿಳಿಯಿರಿ. ಟ್ರೇಲರನ್ನು ಹಿಂದಕ್ಕೆ ತಳ್ಳುವಾಗ ಅದು ಮಡಚಿಕೊಂಡು ಟ್ರ್ಯಾಕ್ಟರಿನ ಟೈರಿಗೆ ಬಡಿದು ಮೂಕಿಯೇ ಬಾಗಿರುವುದೂ ಉಂಟು. ಅದನ್ನು ನೋಡಲು ಮೂಕಿಯ ಪಕ್ಕದಲ್ಲಿ ನೂಲು ಎಳೆದು ಹಿಡಿದರೆ ಸಾಕು.

ಟೈರ್ ಸವೆತಕ್ಕೆ ಮಾತ್ರ ಬೇರೆ ಕಾರಣ ಹುಡುಕಬೇಕು. ಬಹಳ ಜನ ಇವೆರಡನ್ನೂ ಒಂದೇ ರೋಗವೆಂದು ತಿಳಿಯುತ್ತಾರೆ. ಅಚ್ಚು ನೆಟ್ಟಗಿದ್ದು ಪೂರ್ತಿಯಾಗಿ ಓರೆ ಕೂತಿದ್ದರೆ ಎರಡೂ ಗಾಲಿಗಳು ದಾರಿಯ ದಿಕ್ಕಿಗೇ ಉರುಳುತ್ತವೆ, ಟ್ರೇಲರಿನ ಮೈ ಮಾತ್ರ ಓರೆಯಾಗುತ್ತದೆ, ಟೈರ್ ಅಷ್ಟಾಗಿ ಸವೆಯುವುದಿಲ್ಲ. ಒಂದೇ ಟೈರ್ ಸವೆಯುತ್ತಿದ್ದರೆ ಆ ಗಾಲಿ ಇನ್ನೊಂದಕ್ಕೆ ಸಮಾನಾಂತರವಾಗಿಲ್ಲ ಎಂದರ್ಥ: ಅಚ್ಚಿನ ತುದಿ ಬಾಗಿರಬೇಕು, ಇಲ್ಲವೇ ಗಾಲಿಯ ನಡುವಿನ ಹಬ್‌ನ ಬೇರಿಂಗ್ ಸಡಿಲವಾಗಿರಬೇಕು. ಎಡಗಾಲಿಯನ್ನು ಜಾಕ್ ಮೇಲೆ ಎತ್ತಿ, ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿ. ಲೊಟಲೊಟ ಎಂದರೆ ಬೇರಿಂಗ್. ಗಟ್ಟಿಯಾಗಿದ್ದರೆ ಗಾಲಿಯನ್ನು ಕೆಳಗಿಳಿಸಿ, ಎರಡು ಟೈರುಗಳ ನಡುವಿನ ಅಂತರವನ್ನು ಅಚ್ಚಿನ ಎತ್ತರದಲ್ಲಿ ಮುಂದೊಮ್ಮೆ, ಹಿಂದೊಮ್ಮೆ ಅಳೆಯಿರಿ. ಎರಡು ಅಳತೆ ಬೇರೆ ಬೇರೆ ಬಂದರೆ ಅಚ್ಚು ಬಾಗಿದೆ. ಬಾಗಿದ ಅಚ್ಚನ್ನು ಕಾಯಿಸಿ ಬಡಿದು ನೆಟ್ಟಗೆ ಮಾಡುವವರ ಬಳಿ ಹೋಗಬೇಡಿ, ಕಾಯಿಸಿದ ಕಬ್ಬಿಣ ತನ್ನ ಹದ ಕಳೆದುಕೊಳ್ಳುತ್ತದೆ. ಹೊಸದೇ ಹಾಕಿಸಿ.

ಸಿಕ್ಕಿಸಲು ಮೂವರು ಬೇಕು ಎಂದಿರಿ. ಮೂಕಿಯನ್ನು ಹೆಗಲಿಗೆತ್ತಿ ಹಿಡಿದು ನಿಲ್ಲುವುದರಿಂದ ಮೂವರು ಬೇಕಾಗುತ್ತಿದ್ದಾರೆ. ಮೂಕಿಗೆ ತಿರುಗಿಸಿ ಎತ್ತುವ ಜಾಕ್ ಬೆಸೆಸಿಕೊಳ್ಳಿ, ಆಗ ಇಬ್ಬರು ಸಾಕು, ಆ ಎರಡನೆಯವರೂ ದಾರಿ ತೋರಿಸಲು ಮಾತ್ರ. ಟ್ರೇಲರಿನ ಎರಡೂ ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಜಾಕಿನಿಂದ ಬಳೆಯನ್ನು ಹುಕ್ಕಿನ ಬಾಯಿಯ ಎತ್ತರಕ್ಕೆ ಸರಿಯಾಗಿ ತನ್ನಿ. ಟ್ರೇಲರಿನ ಮುಂಬದಿಯ ಹಲಗೆಯ ನಡುವಿಗೆ ಬಿಳಿ ಬಣ್ಣದ ಒಂದು ಪಟ್ಟಿ ಎಳೆದಿಡಿ. ಟ್ರ್ಯಾಕ್ಟರನ್ನು ಹತ್ತು ಹದಿನೈದು ಅಡಿ ದೂರದಿಂದಲೇ ಆ ಪಟ್ಟಿಗೆ ನೇರ ಮಾಡಿಕೊಂಡು, ಅತಿ ನಿಧಾನದ ರಿವರ್ಸ್ ಗೇರಿನಲ್ಲಿ ಬನ್ನಿ. ಹತ್ತಿರ ಬಂದ ಮೇಲೆ ಸ್ಟೇರಿಂಗ್ ತಿರುಗಿಸಿ ಸರಿಪಡಿಸಲು ಹೋಗಬೇಡಿ. ತಪ್ಪಿದರೆ ಮುಂದೆ ಹೋಗಿ ಮತ್ತೆ ಬನ್ನಿ. ಹಾರೆ ಹಾಕಿ ಮೂಕಿಯನ್ನು ಎಳೆದಾಡುವುದಕ್ಕಿಂತ ಇದು ಬೇಗ ಆಗುತ್ತದೆ.

ದಾರಿ ತೋರಿಸುವವರು ಪಕ್ಕದಲ್ಲಿ, ಚಾಲಕನ ಕಣ್ಣಿಗೆ ಬೀಳುವಲ್ಲಿ ನಿಲ್ಲಬೇಕು. ಟ್ರ್ಯಾಕ್ಟರ್ ಚಲಿಸುತ್ತಿರುವಾಗ ಅದಕ್ಕೂ ಟ್ರೇಲರಿಗೂ ನಡುವೆ ಯಾರೂ ಇರಬಾರದು. ಈ ಒಂದು ಮಾತನ್ನು ನಿಮ್ಮ ಮನೆಯ ಹುಡುಗರಿಗೆ, ಆಳುಗಳಿಗೆ ಕಟ್ಟಪ್ಪಣೆಯಂತೆ ಹೇಳಿ. ಟ್ರ್ಯಾಕ್ಟರ್ ನಿಂತು, ನ್ಯೂಟ್ರಲ್ ಆಗಿ, ಬ್ರೇಕ್ ಕಚ್ಚಿದ ಮೇಲೆಯೇ ಪಿನ್ ಹಾಕಲು ಒಳಗೆ ಹೋಗಬೇಕು. ತೂತು ಕೂಡಿದೆಯೇ ಎಂದು ಬೆರಳು ಹಾಕಿ ನೋಡಬಾರದು, ಕಣ್ಣಿನಿಂದಲೇ ನೋಡಬೇಕು. ಪಿನ್ ಬಿದ್ದ ಮೇಲೆ ಜಾಕ್ ಮಡಚಿ, ಗಾಲಿಯ ಕಲ್ಲು ತೆಗೆಯುವ ಮೊದಲು ಟ್ರ್ಯಾಕ್ಟರನ್ನು ತುಸು ಮುಂದಕ್ಕೆ ಜಗ್ಗಿ ನೋಡಿ. ಹಿಡಿತ ಸರಿಯಿದೆ ಎಂದು ಕಂಡ ಮೇಲೆ ಕಲ್ಲು ತೆಗೆಯಿರಿ.

ಪಿನ್ನಿನ ಬಗ್ಗೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ. ನಾನು ಈ ಕೆಲಸಕ್ಕೆ ಹೊಸಬನಾಗಿದ್ದಾಗ ಒಬ್ಬರಿಗೆ ಕಟ್ಟಡದ ಸರಳನ್ನೇ ಕತ್ತರಿಸಿ, ತಲೆ ಬೆಸೆದು ಪಿನ್ ಮಾಡಿಕೊಟ್ಟೆ. ಕೆಳಗೆ ಕ್ಲಿಪ್ ಇರಲಿಲ್ಲ. ಮಾರುಕಟ್ಟೆಯಿಂದ ಖಾಲಿ ಟ್ರೇಲರ್ ಹಿಂದಿರುಗುವಾಗ ಊರ ಬಾಗಿಲಿನ ರಸ್ತೆ ಉಬ್ಬಿನ ಮೇಲೆ ಅದು ಹಾರಿಬಿತ್ತು. ಮೂಕಿ ರಸ್ತೆಗೆ ನೆಟ್ಟು ಟ್ರೇಲರ್ ಅಡ್ಡಬಿತ್ತು. ಆ ಹೊತ್ತಿಗೆ ರಸ್ತೆಯಲ್ಲಿ ಯಾರೂ ಇರಲಿಲ್ಲ. ಶಾಲೆ ಬಿಡುವುದಕ್ಕೆ ಇನ್ನೂ ಅರ್ಧ ಗಂಟೆ ಇತ್ತು. ಆ ಅರ್ಧ ಗಂಟೆಯನ್ನು ನೆನೆದರೆ ಈಗಲೂ ಎದೆ ನಡುಗುತ್ತದೆ. ಅಂದಿನಿಂದ ಇಎನ್-8 ಎಂಬ ಗಟ್ಟಿ ಉಕ್ಕಿನಲ್ಲಿ ಲೇತಿನ ಮೇಲೆ ಕಡೆದ ಪಿನ್ ಬಿಟ್ಟು ಬೇರೇನನ್ನೂ ನಾನು ಯಾರಿಗೂ ಕೊಟ್ಟಿಲ್ಲ. ಹರಿಹರ ಲೇತಿಗೆ ಹೆಸರಾದ ಊರು, ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳನ್ನೇ ತಯಾರಿಸುತ್ತಿದ್ದ ಜಾಗ. ಅಷ್ಟು ಹತ್ತಿರವಿದ್ದು ಸರಳಿನ ತುಂಡಿಗೆ ಟ್ರೇಲರ್ ನೇತುಹಾಕುವುದು ಸರಿಯಲ್ಲ. ಪಿನ್ನಿಗೆ ಮೇಲೆ ಅಗಲವಾದ ತಲೆ, ಕೆಳಗೆ ತೂತು, ತೂತಿಗೆ ಲಿಂಚ್ ಪಿನ್ ಇರಲೇಬೇಕು. ಬಂಡಿಯ ಗಾಲಿಗೆ ಕಡೆಗೀಲು ಹೇಗೋ ಇದಕ್ಕೆ ಅದು ಹಾಗೆ. ನಡುವೆ ಸೊಂಟದಂತೆ ಎರಡು ಮೂರು ಮಿಲಿಮೀಟರ್ ಸವೆದ ಪಿನ್ನನ್ನು ಎಸೆಯಿರಿ. ಬಳೆಯ ತೂತು ಉದ್ದುದ್ದ ಸವೆದು ಮೊಟ್ಟೆಯಾಕಾರಕ್ಕೆ ಬಂದಿದ್ದರೆ ಪ್ರತಿ ಗೇರಿಗೂ ಟ್ರೇಲರ್ ಗುದ್ದುತ್ತದೆ, ಬಳೆಯನ್ನೂ ಬದಲಿಸಿ.

ಪಿನ್ನಿನ ಜೊತೆಗೆ ಎರಡು ಗಟ್ಟಿ ಸರಪಳಿಗಳನ್ನು ಮೂಕಿಯ ಕೆಳಗೆ ಒಂದಕ್ಕೊಂದು ಅಡ್ಡಹಾಯುವಂತೆ ಕಟ್ಟಿ. ಪಿನ್ ಹೋದರೂ ಮೂಕಿ ರಸ್ತೆಗೆ ನೆಡದೆ ಆ ಸರಪಳಿಯ ತೊಟ್ಟಿಲಲ್ಲಿ ಬೀಳುತ್ತದೆ. ತಿರುವಿಗೆ ಬೇಕಾಗುವಷ್ಟು ಮಾತ್ರ ಸಡಿಲ ಬಿಡಿ, ನೆಲಕ್ಕೆ ಎಳೆದಾಡಬಾರದು. ಟಿಪ್ಪರ್ ಟ್ರೇಲರ್ ಇದ್ದವರು ಹೈಡ್ರಾಲಿಕ್ ಪೈಪಿಗೂ ಇದೇ ಅಳತೆ ಇಟ್ಟುಕೊಳ್ಳಲಿ.

ರಸ್ತೆಗೆ ಇಳಿಯುವ ಮುನ್ನ ಎಡ, ಬಲ ಬ್ರೇಕ್ ಪೆಡಲುಗಳನ್ನು ಕೂಡಿಸುವ ಕೊಂಡಿ ಹಾಕಿದ್ದೀರಾ ನೋಡಿ. ಗದ್ದೆಯಲ್ಲಿ ತಿರುಗಿಸಲು ಬಿಚ್ಚಿದ್ದು ಹಾಗೇ ಉಳಿದಿರುತ್ತದೆ. ನಮ್ಮ ಕಡೆಯ ಹೆಚ್ಚಿನ ಟ್ರೇಲರುಗಳಿಗೆ ಸ್ವಂತ ಬ್ರೇಕ್ ಇಲ್ಲ. ಇಳಿಜಾರಿನಲ್ಲಿ ಟ್ರ್ಯಾಕ್ಟರಿನ ಒಂದೇ ಗಾಲಿ ಹಿಡಿದರೆ ಹಿಂದಿನ 4 ಟನ್ ಟ್ರ್ಯಾಕ್ಟರನ್ನು ತಳ್ಳಿ ಮಡಚಿಹಾಕುತ್ತದೆ. ಏರಿದ ಗೇರಿನಲ್ಲಿಯೇ ಇಳಿಯಿರಿ, ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಬೇಡಿ. ಟ್ರೇಲರಿಗೆ ಪ್ರತ್ಯೇಕ ನೋಂದಣಿ ಬೇಕು. ಎಳೆಯುವ ಟ್ರ್ಯಾಕ್ಟರಿನ ಸಂಖ್ಯೆಯೂ ಟ್ರೇಲರಿನ ಮೇಲೆ ಕಾಣಬೇಕೆಂದು 1988ರ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಹಳೆಯ ಟ್ರೇಲರಿನ ಮೇಲೆ ಹಿಂದಿನ ಮಾಲೀಕರ ಕೆಎ-16 ಸಂಖ್ಯೆ ಉಳಿದಿದ್ದು ನಿಮ್ಮ ಟ್ರ್ಯಾಕ್ಟರ್ ಕೆಎ-17 ಆಗಿದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಿ. ಹಿಂದೆ ಕೆಂಪು ದೀಪ, ಹೊಳೆಯುವ ಪಟ್ಟಿ ಇರಲಿ. ಹೇರಿದ ಚೀಲಗಳ ಮೇಲೆ ಜನರನ್ನು ಕೂರಿಸಬೇಡಿ.

ಬಿಚ್ಚುವಾಗಲೂ ಅವಸರ ಬೇಡ. ಮಾರುಕಟ್ಟೆಯಲ್ಲಿ ಮುಂದಿನ ಚೀಲಗಳನ್ನು ಮೊದಲು ಇಳಿಸಿದ್ದರೆ ಉಳಿದದ್ದು ಹಿಂಭಾರ. ಆಗ ಪಿನ್ ಎಳೆದ ಕೂಡಲೇ ಮೂಕಿ ಮೇಲಕ್ಕೆ ಚಿಮ್ಮಿ ಗದ್ದಕ್ಕೆ ಹೊಡೆಯುತ್ತದೆ. ಇಳಿಸುವಾಗ ಹಿಂದಿನಿಂದ ಇಳಿಸುತ್ತಾ ಬನ್ನಿ, ಅರ್ಧ ಹೊರೆಯಲ್ಲಿ ಬಿಚ್ಚಲೇಬೇಡಿ.

ಮಾರಲೇ ಎಂಬ ಪ್ರಶ್ನೆಗೆ ಈಗ ಬರುತ್ತೇನೆ. ಮೊದಲು ಓರೆಗೆ ಒಂದು, ಟೈರಿಗೆ ಒಂದು ಎಂದು ಮೇಲೆ ಹೇಳಿದ ಆ ಎರಡು ಅಳತೆ ತೆಗೆಯಿರಿ. ಯು-ಬೋಲ್ಟು, ಸೆಂಟರ್ ಬೋಲ್ಟಿನ ದೋಷವಾದರೆ ಒಂದು ದಿನದ ಕೆಲಸ, ಟ್ರೇಲರ್ ಇಟ್ಟುಕೊಳ್ಳಿ. ಅಚ್ಚು ಮಾತ್ರ ಬಾಗಿದ್ದರೂ ಇಟ್ಟುಕೊಳ್ಳಿ, ಹೊಸ ಅಚ್ಚು ಹಾಕಿಸುವಾಗಲೇ ಅದನ್ನು ಹಾಸಿನ ಮಧ್ಯಕ್ಕಿಂತ ಹಿಂದಕ್ಕೆ ಸರಿಯಾದ ಜಾಗದಲ್ಲಿ ಕೂರಿಸಿಕೊಂಡರೆ ಮುಂಭಾರದ ಲೆಕ್ಕವೂ ಕೂಡಿಬರುತ್ತದೆ. ಆದರೆ ಚಾಸಿಯ ಉದ್ದನೆಯ ಕಬ್ಬಿಣದಲ್ಲಿ ಮೂಕಿ ಸೇರುವ ಜಾಗದಲ್ಲಿ ಬಿರುಕು ಇದ್ದು, ಅದರ ಮೇಲೆ ಹಳೆಯ ವೆಲ್ಡಿಂಗಿನ ತೇಪೆಗಳು ಕಂಡರೆ ಅದನ್ನು ಇನ್ನೊಬ್ಬ ರೈತನಿಗೆ ಮಾರಬೇಡಿ, ಗುಜರಿಗೆ ತೂಕಕ್ಕೆ ಹಾಕಿ.